ಲಂಚ ಕೊಡುವ ಮೊದಲೇ ದೂರು ಕೊಡಿ



ಪೋಡಿ ಮಾಡಿಸಲು, ಖಾತೆ ಬದಲಾಯಿಸಲು, ಬೆಳೆ ಪರಿಹಾರದ ಪಟ್ಟಿಗೆ ಹೆಸರು ಸೇರಿಸಲು ಕಚೇರಿಗೆ ಹೋದಾಗ ಯಾರಾದರೂ ಹಣ ಕೇಳಿದರೆ ಏನು ಮಾಡುತ್ತೀರಿ? ಹತ್ತು ಸಲ ಅಲೆಯುವುದಕ್ಕಿಂತ ಕೊಟ್ಟು ಕೈತೊಳೆದುಕೊಳ್ಳುವುದೇ ಮೇಲು ಎನ್ನುವವರೇ ಹೆಚ್ಚು. ಹಾಗೆನ್ನುವ ಮೊದಲು ಕರ್ನಾಟಕ ಲೋಕಾಯುಕ್ತದ ವಿಷಯವನ್ನು ತಿಳಿದುಕೊಳ್ಳಿರಿ.

ಒಂದು ಇಲಾಖೆಯ ತಪ್ಪನ್ನು ಅದೇ ಇಲಾಖೆ ವಿಚಾರಿಸಿದರೆ ನ್ಯಾಯ ಸಿಗುವುದು ಕಷ್ಟ. ಆದಕಾರಣ 1984ರ ಕಾಯಿದೆಯಂತೆ, ಯಾವ ಇಲಾಖೆಗೂ ಅಧೀನವಲ್ಲದ ಈ ಸಂಸ್ಥೆಯು 1986ರಲ್ಲಿ ಆರಂಭವಾಯಿತು. ಹಳ್ಳಿಯ ಸರ್ಕಾರಿ ನೌಕರನಿಂದ ಹಿಡಿದು ಮಂತ್ರಿಗಳವರೆಗೆ ಎಲ್ಲರೂ ಇದರ ವ್ಯಾಪ್ತಿಗೆ ಬರುತ್ತಾರೆ. ಇದನ್ನು ಬರೆಯುತ್ತಿರುವ ಗ್ರಾಮಸೇವಕನಾದ ನಾನೂ ಇದಕ್ಕೆ ಹೊರತಲ್ಲ.

ಇದರ ಮುಖ್ಯಸ್ಥರು ಉನ್ನತ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದವರು. ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳು, ಎರಡೂ ಸದನಗಳ ಅಧ್ಯಕ್ಷರು ಮತ್ತು ವಿರೋಧ ಪಕ್ಷದ ನಾಯಕರೊಡನೆ ಸಮಾಲೋಚಿಸಿ ಮುಖ್ಯಮಂತ್ರಿಗಳು ಹೆಸರು ಸೂಚಿಸುತ್ತಾರೆ; ರಾಜ್ಯಪಾಲರು ನೇಮಿಸುತ್ತಾರೆ. ಅವಧಿ 5 ವರ್ಷ. ನಡುವೆ ತೆಗೆಯಬೇಕಾದರೆ ಎರಡೂ ಸದನಗಳಲ್ಲಿ ವಿಶೇಷ ಬಹುಮತ ಬೇಕು. ಅವಧಿ ಮುಗಿದ ಮೇಲೆ ರಾಜ್ಯ ಸರ್ಕಾರದಲ್ಲಿ ಲಾಭದ ಹುದ್ದೆ ಪಡೆಯುವಂತಿಲ್ಲ. ಹೆದರಿಕೆಯೂ ಆಸೆಯೂ ಇಲ್ಲದಿರಲೆಂದೇ ಈ ಏರ್ಪಾಡು.

ಅಕ್ರಮ ಗಣಿಗಾರಿಕೆಯ ಬಗ್ಗೆ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು 2011ರಲ್ಲಿ ವರದಿ ಕೊಟ್ಟ ಬಳಿಕ ಅಂದಿನ ಮುಖ್ಯಮಂತ್ರಿಗಳು ರಾಜೀನಾಮೆ ಕೊಟ್ಟರು. ಆದರೆ ಬೇಲಿಗೂ ಕಾವಲು ಬೇಕು. 2015ರಲ್ಲಿ ಈ ಸಂಸ್ಥೆಯೊಳಗೇ ಸುಲಿಗೆ ನಡೆದಿದೆಯೆಂಬ ಆರೋಪ ಬಂದು, ಆಗಿನ ಲೋಕಾಯುಕ್ತರು ಹುದ್ದೆ ಬಿಟ್ಟರು. 2016ರಲ್ಲಿ ಸರ್ಕಾರವು ಭ್ರಷ್ಟಾಚಾರ ನಿಗ್ರಹ ದಳವನ್ನು ರಚಿಸಿ, ಲಂಚದ ಮೊಕದ್ದಮೆಗಳ ತನಿಖೆಯನ್ನು ಲೋಕಾಯುಕ್ತ ಪೊಲೀಸರಿಂದ ಅದಕ್ಕೆ ವಹಿಸಿತು. 2022ರ ಆಗಸ್ಟಿನಲ್ಲಿ ಹೈಕೋರ್ಟು ಆ ದಳವನ್ನು ರದ್ದುಪಡಿಸಿದ ಮೇಲೆ ಅಧಿಕಾರ ಮರಳಿ ಬಂತು.

ಈಗ ನಿಮ್ಮ ಕೆಲಸದ ಮಾತು. ದಾರಿಗಳು ಎರಡು.

ಮೊದಲನೆಯದು: ಕೆಲಸ ಮಾಡದೆ ಸತಾಯಿಸಿದರೆ, ಅನ್ಯಾಯ ಮಾಡಿದರೆ, ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ ಸಹಿತ ದೂರು ಬರೆದುಕೊಡುವುದು. ಇಂಥ ಕುಂದುಕೊರತೆಯನ್ನು ತಿಳಿದ 6 ತಿಂಗಳೊಳಗೆ ಸಲ್ಲಿಸಬೇಕು. ಅರ್ಜಿಯ ನಕಲು, ರಸೀದಿ, ಹೋದ ತಾರೀಖುಗಳನ್ನು ಜೋಪಾನವಾಗಿಡಿ.

ಎರಡನೆಯದು: ಹಣ ಕೇಳಿದರೆ, ಕೊಡುವ ಮೊದಲೇ ಜಿಲ್ಲೆಯ ಲೋಕಾಯುಕ್ತ ಪೊಲೀಸರಿಗೆ ತಿಳಿಸುವುದು. ಅವರು ನೋಟುಗಳಿಗೆ ಫಿನಾಫ್ತಲೀನ್ ಎಂಬ ಪುಡಿ ಸವರಿ, ಸಾಕ್ಷಿಗಳ ಸಮೇತ ಕಳುಹಿಸುತ್ತಾರೆ. ಹಣ ಮುಟ್ಟಿದವನ ಬೆರಳನ್ನು ಸೋಡಾ ನೀರಿನಲ್ಲಿ ಅದ್ದಿಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ.

ಒಂದು ಎಚ್ಚರಿಕೆ. 2018ರ ತಿದ್ದುಪಡಿಯ ಮೇಲೆ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಸಿಕ್ಕಿ ಕೊಟ್ಟಿದ್ದರೆ 7 ದಿನಗಳೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಬೇಕು. ಆಗ ಮಾತ್ರ ರಕ್ಷಣೆಯುಂಟು. ಹಗೆ ತೀರಿಸಲು ಸುಳ್ಳು ದೂರು ಕೊಟ್ಟವರಿಗೂ ಶಿಕ್ಷೆಯಿದೆ.

ರೋಗ ಹೊಲವೆಲ್ಲ ಹಬ್ಬಿದ ಮೇಲೆ ಔಷಧಿ ಹುಡುಕಿದರೆ ಬೆಳೆ ಉಳಿಯದು. ಮೊದಲ ಎಲೆಯಲ್ಲಿ ಚುಕ್ಕೆ ಕಂಡಾಗಲೇ ನೋಡಿಕೊಳ್ಳಬೇಕು. ಲಂಚದ ಮಾತೂ ಹಾಗೆಯೇ. ಓದು ಬಾರದ ನೆರೆಹೊರೆಯವರಿಗೆ ಇದನ್ನು ಓದಿ ಹೇಳಿರಿ. ದೂರು ಬರೆಯಲು ಕೈಯಾಸರೆಯಾಗಿರಿ.