ಬಾಡಿಗೆ ನಿಯಂತ್ರಣದ ತೆರವು ಮತ್ತು ವರ್ತಕರ ಮಳಿಗೆ

ಬಾಡಿಗೆ ಮಳಿಗೆಯಲ್ಲಿ ವ್ಯಾಪಾರ ನಡೆಸುವ ಅನೇಕ ವರ್ತಕರಲ್ಲಿ, ಬಾಡಿಗೆದಾರನನ್ನು ಸುಲಭವಾಗಿ ತೆರವುಗೊಳಿಸಲಾಗದು ಎಂಬ ನಂಬಿಕೆ ಇಂದಿಗೂ ಉಳಿದಿದೆ. ಆದರೆ ಈ ನಂಬಿಕೆಗೆ ಆಧಾರವಾಗಿದ್ದ ಕರ್ನಾಟಕ ಬಾಡಿಗೆ ನಿಯಂತ್ರಣ ಅಧಿನಿಯಮ, 1961 ರದ್ದಾಗಿ ಎರಡು ದಶಕಗಳಿಗೂ ಹೆಚ್ಚು ಕಾಲ ಕಳೆದಿದೆ.

ಆ ಅಧಿನಿಯಮದಡಿ ನ್ಯಾಯೋಚಿತ ಬಾಡಿಗೆಯನ್ನು ನಿಗದಿಪಡಿಸಲು ಅವಕಾಶವಿತ್ತು. ಕಾನೂನಿನಲ್ಲಿ ಹೇಳಿದ ಕಾರಣಗಳಿಲ್ಲದೆ ಬಾಡಿಗೆದಾರನನ್ನು ತೆರವುಗೊಳಿಸುವಂತಿರಲಿಲ್ಲ. ಆದರೆ ಬೆಲೆಗಳು ಏರಿದಂತೆ ಬಾಡಿಗೆ ಏರದಿದ್ದರೆ ಮಾಲೀಕರು ದುರಸ್ತಿಯನ್ನು ಕೈಬಿಡುವುದು, ಕಟ್ಟಡವನ್ನು ಖಾಲಿ ಇಡುವುದು, ಪಗಡಿ ಕೇಳುವುದು ಸಹಜ. ಮುಂಬಯಿಯ ಬಾಡಿಗೆಗಳನ್ನು 1940ರ ಮಟ್ಟದಲ್ಲೇ ಹಿಡಿದಿಟ್ಟಿದ್ದ ಉಪಬಂಧಗಳು ಕಾಲಾಂತರದಲ್ಲಿ ಅಸಮಂಜಸವಾಗಿವೆಯೆಂದು ಸರ್ವೋಚ್ಚ ನ್ಯಾಯಾಲಯವು 1997ರ ಡಿಸೆಂಬರ್‌ನಲ್ಲಿ ಅಭಿಪ್ರಾಯಪಟ್ಟಿತು.

ಕರ್ನಾಟಕದಲ್ಲಿ ಹೊಸ ಬಾಡಿಗೆ ಅಧಿನಿಯಮ, 1999 ದಿನಾಂಕ 31-12-2001ರಂದು ಜಾರಿಗೆ ಬಂದಿತು. ಇದರನ್ವಯ, ವಾಣಿಜ್ಯ ಉದ್ದೇಶಕ್ಕೆ ಬಳಸುವ, 14 ಚದರ ಮೀಟರ್ (ಸುಮಾರು 150 ಚದರ ಅಡಿ) ಮೀರದ ಮಳಿಗೆಗಳಿಗೆ ಮಾತ್ರ, ಅದೂ ಬಾಡಿಗೆಯ ಮಿತಿಗೊಳಪಟ್ಟು, ರಕ್ಷಣೆ ದೊರೆಯುತ್ತದೆ. ಅದಕ್ಕಿಂತ ದೊಡ್ಡ ಅಂಗಡಿ, ಗೋದಾಮು ಹಾಗೂ ಕಚೇರಿಗಳು ಸ್ವತ್ತು ವರ್ಗಾವಣೆ ಅಧಿನಿಯಮ, 1882ರ ವ್ಯಾಪ್ತಿಗೆ ಸೇರುತ್ತವೆ.

ಇದರ ಪರಿಣಾಮವನ್ನು ಒಂದು ನಿದರ್ಶನದಿಂದ ತಿಳಿಯಬಹುದು. ವರ್ತಕನೊಬ್ಬನು 400 ಚದರ ಅಡಿಯ ಮಳಿಗೆಯನ್ನು ಐದು ವರ್ಷಗಳಿಗೆ ಪಡೆದು, ಒಳಾಂಗಣಕ್ಕೆ 6 ಲಕ್ಷ ರೂ. ವೆಚ್ಚ ಮಾಡಿದನೆಂದು ಭಾವಿಸೋಣ. ಕರಾರು ಛಾಪಾ ಕಾಗದದಲ್ಲಿದ್ದರೂ ನೋಂದಣಿಯಾಗಿಲ್ಲ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯವಾದುದರಿಂದ, ಐದು ವರ್ಷಗಳ ಷರತ್ತನ್ನು ನ್ಯಾಯಾಲಯದಲ್ಲಿ ಸಾಧಿಸುವುದು ಕಷ್ಟ. ಆತನನ್ನು ಸಾಮಾನ್ಯವಾಗಿ ಮಾಸಿಕ ಬಾಡಿಗೆದಾರನೆಂದೇ ಪರಿಗಣಿಸಲಾಗುತ್ತದೆ. ಆಗ ಮಾಲೀಕನು 15 ದಿನಗಳ ನೋಟಿಸು ನೀಡಿ, ಯಾವ ಕಾರಣವನ್ನೂ ತೋರದೆ, ತೆರವಿಗೆ ದಾವೆ ಹೂಡಬಹುದು. ಹನ್ನೊಂದು ತಿಂಗಳ ಕರಾರನ್ನು ನವೀಕರಿಸದೆ ಮುಂದುವರಿದವರ ಸ್ಥಿತಿಯೂ ಇದೇ.

ನಿಯಂತ್ರಣ ತೆರವಾದುದರಿಂದ ಮಾಲೀಕನು ನಿರ್ಭಯವಾಗಿ ಮಳಿಗೆಯನ್ನು ಬಾಡಿಗೆಗೆ ಕೊಡಬಲ್ಲನು. ಆದರೆ ಕಾನೂನು ನೀಡುತ್ತಿದ್ದ ಭದ್ರತೆಯನ್ನು ವರ್ತಕನು ಈಗ ಕರಾರಿನ ಮೂಲಕವೇ ಪಡೆಯಬೇಕಾಗಿದೆ. ಅವಧಿ, ವಾರ್ಷಿಕ ಹೆಚ್ಚಳದ ಪ್ರಮಾಣ, ನವೀಕರಣದ ಹಕ್ಕು, ಅವಧಿಗೆ ಮುನ್ನ ತೆರವುಗೊಳಿಸದಿರುವ ಷರತ್ತು, ಮುಂಗಡ ಹಣ ಹಿಂತಿರುಗಿಸುವ ಕ್ರಮ ಹಾಗೂ ಒಳಾಂಗಣ ವೆಚ್ಚದ ಪರಿಹಾರ, ಇವು ಕರಾರಿನಲ್ಲಿ ಸ್ಪಷ್ಟವಾಗಿರಬೇಕು. ನೋಂದಣಿ ಮತ್ತು ಮುದ್ರಾಂಕ ಶುಲ್ಕವನ್ನು ಉಳಿಸಲು ಹೋಗಿ ಹೂಡಿದ ಬಂಡವಾಳವನ್ನೇ ಅಪಾಯಕ್ಕೆ ಒಡ್ಡುವುದು ವ್ಯವಹಾರ ಜಾಣ್ಮೆಯಲ್ಲ.