ಮನೆಯ ಗ್ರಂಥಭಂಡಾರಕ್ಕೊಬ್ಬ ಪರಿಚಾರಕ

ಓದಿದ ಮಾತು ಮನಸ್ಸಿನಲ್ಲಿ ನಿಂತಿದ್ದು, ಅದನ್ನು ಯಾವ ಗ್ರಂಥದ ಯಾವ ಪುಟದಲ್ಲಿ ಓದಿದೆವೆಂಬುದು ಮಾತ್ರ ಮರೆತುಹೋದ ಸಂಕಟವನ್ನು, ಪುಸ್ತಕಗಳನ್ನು ಕೂಡಿಡುವ ಅಭ್ಯಾಸವುಳ್ಳವರೆಲ್ಲರೂ ಒಂದಲ್ಲ ಒಂದು ದಿನ ಅನುಭವಿಸಿರುತ್ತಾರೆ. ಗ್ರಂಥಾಲಯಶಾಸ್ತ್ರದ ಆಚಾರ್ಯರೂ, ಬಾಳಿನ ಕಡೆಯ ವರ್ಷಗಳಲ್ಲಿ ಬೆಂಗಳೂರಿನಲ್ಲಿ ನೆಲಸಿ, 1962ರಲ್ಲಿ ಅಲ್ಲಿ ಪ್ರಲೇಖನದ ಸಂಶೋಧನೆ ಮತ್ತು ಶಿಕ್ಷಣಕ್ಕಾಗಿ ಒಂದು ಕೇಂದ್ರವನ್ನು ಸ್ಥಾಪಿಸಿದವರೂ ಆದ ಎಸ್. ಆರ್. ರಂಗನಾಥನ್ ಅವರು, 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ನಾಲ್ಕನೆಯದನ್ನು ಓದುಗನ ಕಾಲದ ಉಳಿತಾಯಕ್ಕೇ ಮೀಸಲಿಟ್ಟರು. ಸಾರ್ವಜನಿಕ ಗ್ರಂಥಾಲಯದಲ್ಲಿ ಆ ಸೂತ್ರವನ್ನು ನಡೆಸಲು ಗ್ರಂಥಪಾಲಕನುಂಟು; ಮನೆಯ ಬೀರುವಿಗೆ ಅಂಥವರು ಯಾರು? ಕೃತಕ ಬುದ್ಧಿಮತ್ತೆಯ ಸಹಾಯಕನನ್ನು ಸ್ವಂತ ಪುಸ್ತಕಸಂಗ್ರಹದೊಡನೆ ಜೋಡಿಸುವ ಹೊಸ ವಿಧಾನವು ಈ ಪ್ರಶ್ನೆಗೆ ಉತ್ತರ ಕೊಡತೊಡಗಿದೆ.

ಇ-ಪುಸ್ತಕಗಳನ್ನು ಸಂಗ್ರಹಿಸುವವರಿಗೆ, ಕೋವಿದ್ ಗೋಯಲ್ ಅವರು 2006ರಲ್ಲಿ ಆರಂಭಿಸಿದ ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶವು ಪರಿಚಿತವಾದುದೇ. ಪುಸ್ತಕದ ಹೆಸರು, ಕರ್ತೃ, ವಿಷಯ ಇವುಗಳನ್ನೆಲ್ಲ ಅದು ಒಂದೇ ಕಡತದಲ್ಲಿ ಅಚ್ಚುಕಟ್ಟಾಗಿ ಇಟ್ಟುಕೊಂಡಿರುತ್ತದೆ. 2022ರಿಂದೀಚೆಗೆ ಪುಸ್ತಕಗಳ ಒಳಗಿನ ಮಾತನ್ನೂ ಹುಡುಕಿಕೊಡುತ್ತದೆ. ಆದರೆ ಅಕ್ಷರವನ್ನು ನಂಬಿದ ಹುಡುಕಾಟಕ್ಕೆ, ವಿಭಕ್ತಿಪ್ರತ್ಯಯಗಳಿಂದ ಕ್ಷಣಕ್ಷಣಕ್ಕೂ ರೂಪ ಬದಲಿಸುವ ಕನ್ನಡದಂಥ ಭಾಷೆಯಲ್ಲಿ, ಹೆಜ್ಜೆಹೆಜ್ಜೆಗೂ ತೊಡಕು. ‘ಊರು’ ಎಂದು ಕೇಳಿದರೆ ‘ಊರಿನಲ್ಲಿ’ ಎಂಬುದು ಕಣ್ಣಿಗೆ ಬೀಳುವುದಿಲ್ಲ; ‘ಕೆರೆ’ ಎಂದು ಕೇಳಿದರೆ ‘ತಟಾಕ’ ತಪ್ಪಿಹೋಗುತ್ತದೆ.

ಹೊಸ ವಿಧಾನವು ಅಕ್ಷರವನ್ನು ಬಿಟ್ಟು ಅರ್ಥವನ್ನು ಹಿಡಿಯುತ್ತದೆ. ಮೊದಲು ಪ್ರತಿಯೊಂದು ಪುಸ್ತಕವನ್ನೂ ಒಂದೆರಡು ಪ್ಯಾರಾಗಳ ಸಣ್ಣ ಸಣ್ಣ ಖಂಡಗಳಾಗಿ ವಿಭಾಗಿಸಿ, ಪ್ರತಿ ಖಂಡದ ಅರ್ಥವನ್ನು ನೂರಾರು ಸಂಖ್ಯೆಗಳ ಒಂದು ಸಾಲಾಗಿ ಪರಿವರ್ತಿಸಿಡುತ್ತಾರೆ. ಅರ್ಥದಲ್ಲಿ ಸಮೀಪವಾದ ಖಂಡಗಳು ಸಂಖ್ಯೆಗಳಲ್ಲಿಯೂ ಸಮೀಪವಾಗಿರುತ್ತವೆ. ನಾವು ಪ್ರಶ್ನೆ ಕೇಳಿದಾಗ ಅದೂ ಅದೇ ರೀತಿ ಸಂಖ್ಯೆಗಳ ಸಾಲಾಗಿ, ತನಗೆ ಅತ್ಯಂತ ಸಮೀಪದ ಖಂಡಗಳನ್ನು ಆರಿಸಿ ತರುತ್ತದೆ; ಸಹಾಯಕನು ಅವನ್ನು ಮುಂದಿಟ್ಟುಕೊಂಡು ಉತ್ತರವನ್ನು ರಚಿಸುತ್ತಾನೆ. ಹೀಗೆ ಹುಡುಕಿ ತಂದು ಬರೆಯುವ ಕ್ರಮಕ್ಕೆ 2020ರ ಒಂದು ಸಂಶೋಧನ ಪ್ರಬಂಧದಿಂದ ಹೆಸರೂ ಪ್ರಸಿದ್ಧಿಯೂ ಬಂದವು. ಸಹಾಯಕನಿಗೂ ಸಂಗ್ರಹಕ್ಕೂ ನಡುವೆ ಬೇಕಾದ ಸೇತುವೆಯಾಗಿ, ಆಂಥ್ರೊಪಿಕ್ ಸಂಸ್ಥೆಯು 2024ರ ನವೆಂಬರಿನಲ್ಲಿ ಎಂಸಿಪಿ ಎಂಬ ಮುಕ್ತ ನಿಯಮಾವಳಿಯನ್ನು ಪ್ರಕಟಿಸಿತು. ಯಾವ ಕಂಪೆನಿಯ ಫ್ಯಾನಾದರೂ ಮನೆಯ ಸಾಕೆಟ್ಟಿಗೆ ಹೊಂದುವಂತೆ, ಆ ನಿಯಮವನ್ನು ಅನುಸರಿಸುವ ಯಾವ ಸಹಾಯಕನಾದರೂ ನಮ್ಮ ಸಂಗ್ರಹಕ್ಕೆ ಹೊಂದಿಕೊಳ್ಳಬಲ್ಲನು.

ಕನ್ನಡಿಗರಿಗೆ ಇಲ್ಲಿ ವಿಶೇಷವಾದ ಒಂದು ಕಾರ್ಯಭಾರವುಂಟು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಅಚ್ಚಿಗೆ ಸಿದ್ಧಪಡಿಸಿದ ಪಿಡಿಎಫ್ ಒಂದನ್ನು ತೆರೆದು ನೋಡಿರಿ: ಪರದೆಯ ಮೇಲೆ ಮುದ್ದಾದ ಕನ್ನಡ ಅಕ್ಷರಗಳೇ ಕಾಣುತ್ತವೆ, ಆದರೆ ಅದೇ ಸಾಲನ್ನು ನಕಲಿಸಿ ಬೇರೆಡೆ ಅಂಟಿಸಿದೊಡನೆ, ತಲೆಯ ಮೇಲೆ ಚುಕ್ಕೆಗೀಟುಗಳನ್ನು ಹೊತ್ತ ರೋಮನ್ ಅಕ್ಷರಗಳ ಅರ್ಥಹೀನ ಸರಣಿಯೊಂದು ಎದುರಾಗುತ್ತದೆ. ನಮಗೆ ಕನ್ನಡವಾಗಿ ಕಂಡದ್ದು ಯಂತ್ರಕ್ಕೆ ಕನ್ನಡವೇ ಅಲ್ಲ. ಅಂಥವನ್ನು ಯೂನಿಕೋಡಿಗೆ ಪರಿವರ್ತಿಸಬೇಕು. ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳನ್ನು ಅಕ್ಷರಗುರುತಿಸುವಿಕೆಯ ತಂತ್ರಾಂಶದ ಮೂಲಕ ಹಾಯಿಸಿ, ಒತ್ತಕ್ಷರಗಳಲ್ಲಿ ಉಳಿಯುವ ದೋಷಗಳನ್ನು ಕೈಯಾರೆ ತಿದ್ದಬೇಕು. ಈ ಶ್ರಮವನ್ನು ವಹಿಸದೆ ಸಹಾಯಕನನ್ನು ದೂಷಿಸುವುದು, ದೀಪ ಹಚ್ಚದೆ ಕತ್ತಲೆಯನ್ನು ಬೈದಂತೆ.

ಇನ್ನು ಎಚ್ಚರಿಕೆಯ ಮಾತು. ಸಹಾಯಕನು ಪುಸ್ತಕದಲ್ಲಿ ಇಲ್ಲದುದನ್ನೂ ಇದೆಯೆಂಬಂತೆ ನಿರರ್ಗಳವಾಗಿ ಹೇಳಬಲ್ಲನಾದುದರಿಂದ, ಪ್ರತಿ ಖಂಡದೊಡನೆಯೂ ಪುಸ್ತಕದ ಹೆಸರು, ಅಧ್ಯಾಯ, ಪುಟಸಂಖ್ಯೆಗಳನ್ನು ಮೊದಲೇ ಸೇರಿಸಿಟ್ಟು, ಪ್ರತಿ ಉತ್ತರದಲ್ಲಿಯೂ ಅವನ್ನು ಕೇಳಿ ಪಡೆಯತಕ್ಕದ್ದು. ದೂರದ ಕಂಪ್ಯೂಟರಿನಲ್ಲಿ ನಡೆಯುವ ಸಹಾಯಕನಾದರೆ ನಮ್ಮ ಟಿಪ್ಪಣಿಗಳೂ ಅಲ್ಲಿಗೆ ಪ್ರಯಾಣ ಮಾಡುತ್ತವೆ. ಖಾಸಗಿ ದಿನಚರಿಗಳನ್ನು ಸಂಗ್ರಹದಿಂದ ಹೊರಗಿಡುವುದು ಅಥವಾ ಮನೆಯ ಕಂಪ್ಯೂಟರಿನಲ್ಲಿಯೇ ನಡೆಯುವ ಚಿಕ್ಕ ಮಾದರಿಯನ್ನು ಬಳಸುವುದು ಕ್ಷೇಮ. ಓದುವ ಅನುಮತಿಯನ್ನಷ್ಟೇ ಕೊಟ್ಟು, ಅಳಿಸುವ ಮತ್ತು ತಿದ್ದುವ ಅಧಿಕಾರವನ್ನು ನಮ್ಮಲ್ಲೇ ಉಳಿಸಿಕೊಳ್ಳುವುದು ವಿವೇಕ.

ಪುಸ್ತಕವನ್ನು ಹುಡುಕುವ ಶ್ರಮವನ್ನು ಪರಿಚಾರಕನಿಗೆ ವಹಿಸಬಹುದು. ಓದುವ ಸಂಸ್ಕಾರವನ್ನು ಯಾರಿಗೂ ವಹಿಸಲಾಗದು. ಒಂದು ವಾಕ್ಯದ ಹಿಂದುಮುಂದಿನ ಮಾತುಗಳ ಸಂಗಡ ಬಾಳಿದಾಗಲೇ ಅದರ ಅರ್ಥವು ನಮ್ಮದಾಗುತ್ತದೆ. ಸಾರಾಂಶದಲ್ಲಿ ಆ ಸಹವಾಸವಿಲ್ಲ. ಆದುದರಿಂದ ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟು: ನಿಮ್ಮ ಸಂಗ್ರಹದ ಹತ್ತೇ ಪುಸ್ತಕಗಳಿಂದ ಆರಂಭಿಸಿರಿ, ಸಹಾಯಕನು ಪುಟವನ್ನು ತೋರಿಸಿದಾಗ, ಅವನ ಉತ್ತರವನ್ನು ಒಂದು ಕಡೆ ಇರಿಸಿ, ಆ ಪುಟವನ್ನು ತೆರೆದು ನೀವೇ ಓದಿರಿ.