ಒಂದು ಹಲ್ಲು ಮುರಿದರೆ

ಕೈಚೀಲದ ಜಿಪ್ಪು ಕೆಟ್ಟರೆ ಒಂದು ಪಿನ್ನಿನಿಂದ ಕೆಲಸ ಸಾಗೀತು. ಐಸ್‌ಲ್ಯಾಂಡಿನ ಸಿಲ್ಫ್ರಾ ಎಂಬ ಬಿರುಕಿನಲ್ಲಿ ಮುಳುಗುವವನಿಗೆ ಆ ಸೌಕರ್ಯವಿಲ್ಲ. ಹಿಮರಾಶಿ ಕರಗಿ, ಲಾವಾ ಶಿಲೆಯಲ್ಲಿ ಸೋಸಿ ಬರುವ ಅಲ್ಲಿನ ನೀರು ಸ್ಫಟಿಕದಷ್ಟು ನಿರ್ಮಲ. ಆದರೆ ವರ್ಷವಿಡೀ ಅದರ ಉಷ್ಣತೆ 2ರಿಂದ 4 ಡಿಗ್ರಿ ಸೆಲ್ಸಿಯಸ್ ಮಾತ್ರ. ಮುಳುಗುವವನು ತೊಡುವ ಜಲನಿರೋಧಕ ಉಡುಪಿಗೆ ಡ್ರೈಸೂಟ್ ಎಂದು ಹೆಸರು. ಅದರೊಳಗೆ ನಿಂತ ಗಾಳಿಯೇ ಅವನ ಕಂಬಳಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖವನ್ನು ಸೆಳೆಯುವುದರಿಂದ, ಆ ಕಂಬಳಿ ನೆನೆದರೆ ಪ್ರಾಣಕ್ಕೇ ಸಂಚಕಾರ.

ಉಡುಪಿನ ಬಾಗಿಲೇ ಜಿಪ್ಪು. ಲೋಹದ ಹಲ್ಲುಗಳು ರಬ್ಬರು ಪಟ್ಟಿಯ ಎರಡು ಅಂಚುಗಳನ್ನು, ತುಟಿಗಳನ್ನು ಬಿಗಿದಂತೆ, ಒಂದಕ್ಕೊಂದು ಒತ್ತಿ ಹಿಡಿಯುತ್ತವೆ. ಸೋರುವೆಡೆಯನ್ನು ತಿಳಿಯಬೇಕಾದರೆ ಕೊರಳು, ಮುಂಗೈಗಳನ್ನು ಮುಚ್ಚಿ ಗಾಳಿ ತುಂಬಿ, ಸಾಬೂನಿನ ನೀರು ಸವರಬೇಕು. ಏಳುವ ಗುಳ್ಳೆಯೇ ದೋಷವನ್ನು ತೋರಿಸುತ್ತದೆ. ರಬ್ಬರಿನ ಸಣ್ಣ ಬಿರುಕಿಗೆ ಅಂಟಿನ ತೇಪೆ ಕೆಲವು ದಿನ ತಡೆದೀತು. ಹಲ್ಲು ಮುರಿದರೆ ಮಾತ್ರ ತೇಪೆಯ ಮಾತಿಲ್ಲ: ಹಳೆಯ ಅಂಟನ್ನು ಕಾಯಿಸಿ ಸಡಿಲಿಸಿ, ಇಡೀ ಜಿಪ್ಪನ್ನು ತೆಗೆದು, ಹೊಸದನ್ನು ನುರಿತ ಕೈಯಿಂದ ಕೂರಿಸಬೇಕು.

ಹಲ್ಲು ಮುರಿಯುವುದು ಹೇಗೆ? ಅವಸರದಲ್ಲಿ ಓರೆಯಾಗಿ ಎಳೆದುದರಿಂದ, ಸಿಕ್ಕಿಕೊಂಡ ಮರಳಿನಿಂದ, ಜಿಪ್ಪು ಮುರಿದು ಬಾಗುವಂತೆ ಮಡಚಿಟ್ಟುದರಿಂದ. ಸಿಹಿನೀರಿನಲ್ಲಿ ತೊಳೆದು, ಹಲ್ಲಿಗೆ ಮೇಣ ಉಜ್ಜಿ, ನೇರವಾಗಿ ಎಳೆದರೆ ಇವೆಲ್ಲ ತಪ್ಪುತ್ತವೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತುವವರು ನಾವೆಲ್ಲರೂ. ತಣ್ಣೀರಿನ ಆಳದಲ್ಲಿ ಕೊಡಲಿ ಹುಡುಕುವುದಕ್ಕೂ ಸಮಯವಿರುವುದಿಲ್ಲ.